ಭಾರದ ಕಾರು, ಬಿಸಿಯಾದ ಬ್ರೇಕು

ಓಡುವ ಕಾರನ್ನು ನಿಲ್ಲಿಸುವುದೆಂದರೆ ಏನು ಎಂದು ಯಾರನ್ನಾದರೂ ಕೇಳಿ ನೋಡಿ. ಬ್ರೇಕನ್ನು ಒತ್ತುವುದು ಎಂಬ ಉತ್ತರ ಬರುತ್ತದೆ. ಅದು ಕಾಲು ಮಾಡುವ ಕೆಲಸವಾಯಿತು. ಬ್ರೇಕು ಮಾಡುವ ಕೆಲಸ ಯಾವುದು? ಅದು ವೇಗವನ್ನು ನುಂಗುತ್ತದೆಯೆ? ನುಂಗಿದ್ದು ಎಲ್ಲಿಗೆ ಹೋಗುತ್ತದೆ? ಶಕ್ತಿಯು ಒಂದು ರೂಪವನ್ನು ಬಿಟ್ಟು ಇನ್ನೊಂದು ರೂಪವನ್ನು ತಾಳಬಹುದೇ ಹೊರತು ಇಲ್ಲವಾಗುವಂತಿಲ್ಲ. ಓಡುತ್ತಿದ್ದ ಕಾರಿನ ಚಲನಶಕ್ತಿಯು ಕಾರು ನಿಂತ ಹೊತ್ತಿಗೆ ಶಾಖವಾಗಿ ಮಾರ್ಪಟ್ಟಿರುತ್ತದೆ. ಆ ಶಾಖದ ಬಹುಪಾಲು ಸೇರುವುದು ಚಕ್ರದ ಮರೆಯಲ್ಲಿ ತಿರುಗುತ್ತಿರುವ ಒಂದು ಕಬ್ಬಿಣದ ತಟ್ಟೆಗೆ. ಆ ತಟ್ಟೆಯ ವಿಚಾರವನ್ನೇ ಇಲ್ಲಿ ನಾಲ್ಕು ಮಾತಿನಲ್ಲಿ ಹೇಳಬೇಕೆಂದಿದ್ದೇನೆ.

ಕನ್ನಡ ಪಾಠ ಹೇಳುವವನಿಗೆ ಕಾರಿನ ತಟ್ಟೆಯ ಗೊಡವೆ ಏತಕ್ಕೆ ಎಂದು ನೀವು ಕೇಳಿದರೆ ಅದು ನ್ಯಾಯವೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಲ್ಲಿ ಉದ್ಯಮ ಮಾಡಿ ಕೈತುಂಬ ಸಂಪಾದಿಸಿದ್ದಾನೆ. ಜಪಾನಿನ ನಿಸಾನ್ ಸಂಸ್ಥೆಯ ಜಿ.ಟಿ.-ಆರ್. ಎಂಬ ವೇಗದ ಕಾರೊಂದನ್ನು ಕೊಂಡಿದ್ದಾನೆ. ವರ್ಷಕ್ಕೆ ಎರಡು ಮೂರು ಸಲ ಅದನ್ನು ದೆಹಲಿಯ ಬಳಿ ಗ್ರೇಟರ್ ನೋಯ್ಡಾದಲ್ಲಿರುವ ಬುದ್ಧ ಸರ್ಕ್ಯೂಟಿಗೋ ಚೆನ್ನೈ ಹತ್ತಿರದ ಓಟದ ಪಥಕ್ಕೋ ಕೊಂಡೊಯ್ದು ಮನಸಾರೆ ಓಡಿಸಿ ಬರುತ್ತಾನೆ. ಪಂದ್ಯಕ್ಕಾಗಿ ಅಲ್ಲ, ಸಂತೋಷಕ್ಕಾಗಿ. ಊರ ರಸ್ತೆಯಲ್ಲಿ ಈ ಹುಚ್ಚು ಆಡದೆ ಅದಕ್ಕೆಂದೇ ಕಟ್ಟಿದ ಪಥದಲ್ಲಿ ಆಡುತ್ತಾನಲ್ಲ ಎಂದು ನನಗೆ ಸಮಾಧಾನ. ಆತ ಒಮ್ಮೆ ಮನೆಗೆ ಬಂದಾಗ, "ಮೇಷ್ಟ್ರೇ, ಮುಂದಿನ ಬ್ರೇಕ್ ಡಿಸ್ಕುಗಳನ್ನು ತೆಗೆಸಿ ದೊಡ್ಡವು ಹಾಕಿಸೋಣ ಅಂತಿದ್ದೇನೆ. ಕಾರು ಇನ್ನೂ ಬೇಗ ನಿಲ್ಲುತ್ತಂತೆ" ಎಂದ. "ಅಂತೆ ಎಂದವರು ಯಾರಪ್ಪಾ?" ಎಂದು ಕೇಳಿದೆ. ಮಾರುವವರೇ ಹೇಳಿದರಂತೆ. ಅಂದಿನಿಂದ ಈ ವಿಷಯ ನನ್ನನ್ನೂ ಹಿಡಿದುಕೊಂಡಿತು. ಬಲ್ಲವರನ್ನು ಕೇಳಿ, ಓದಿ, ಲೆಕ್ಕ ಹಾಕಿ ನೋಡಿದಾಗ ಮಾರುವವರ ಮಾತಿನಲ್ಲಿ ಸತ್ಯ ಸ್ವಲ್ಪವೇ ಇರುವುದು ತಿಳಿಯಿತು.

ಹೆಸರಿನ ಬಗ್ಗೆ ಒಂದು ಮಾತು. ಈ ತಟ್ಟೆಗೆ ಇಂಗ್ಲೆಂಡಿನವರು ಡಿಸ್ಕ್ ಎನ್ನುತ್ತಾರೆ, ಅಮೆರಿಕದವರು ರೋಟರ್ ಎನ್ನುತ್ತಾರೆ. ತಿರುಗುಬಿಲ್ಲೆ ಎಂದು ನಾನು ಟಂಕಿಸಬಲ್ಲೆ. ಟಂಕಿಸಿದರೆ ಗ್ಯಾರೇಜಿನಲ್ಲಿ ಯಾರಿಗೂ ಅರ್ಥವಾಗದು. ನಮ್ಮ ಮೆಕ್ಯಾನಿಕ್ಕುಗಳ ಬಾಯಲ್ಲಿ ಪಳಗಿರುವ ಡಿಸ್ಕು ಎಂಬುದೇ ಇಲ್ಲಿಯೂ ಇರಲಿ.

ಡಿಸ್ಕಿನ ರಚನೆ ಸುಲಭ. ಚಕ್ರದೊಡನೆ ತಿರುಗುವ ಎರಕದ ಕಬ್ಬಿಣದ ತಟ್ಟೆ ಒಂದು. ಅದರ ಎರಡು ಮಗ್ಗುಲಿಗೂ ಒಂದೊಂದು ಪ್ಯಾಡು. ಪ್ಯಾಡುಗಳನ್ನು ಹಿಡಿದಿರುವ ಇಕ್ಕುಳದಂಥ ಭಾಗಕ್ಕೆ ಕ್ಯಾಲಿಪರ್ ಎಂದು ಹೆಸರು. ಕಾಲಿನಿಂದ ಪೆಡಲನ್ನು ಒತ್ತಿದರೆ ಕೊಳವೆಯಲ್ಲಿರುವ ದ್ರವವು ಆ ಒತ್ತಡವನ್ನು ಕ್ಯಾಲಿಪರಿಗೆ ಮುಟ್ಟಿಸುತ್ತದೆ, ಪ್ಯಾಡುಗಳು ತಟ್ಟೆಯನ್ನು ಎರಡೂ ಕಡೆಯಿಂದ ಅಮುಕಿ ಹಿಡಿಯುತ್ತವೆ. ಇಂಥದೊಂದು ಬ್ರೇಕಿಗೆ ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಎಂಬ ಯಂತ್ರಜ್ಞ 1902ರಷ್ಟು ಹಿಂದೆಯೇ ಪೇಟೆಂಟು ಪಡೆದಿದ್ದ. ಆದರೂ ಮುಂದೆ ಅರ್ಧ ಶತಮಾನ ಕಾರುಗಳಲ್ಲಿ ರಾಜ್ಯವಾಳಿದ್ದು ಡ್ರಮ್ ಬ್ರೇಕು. ಅಂದರೆ ಡಬ್ಬಿಯ ಒಳಗಿನಿಂದ ಅದರ ಗೋಡೆಗೆ ಒತ್ತಿ ನಿಲ್ಲಿಸುವ ಬಗೆ. ಡಬ್ಬಿಯೊಳಗೆ ಹುಟ್ಟಿದ ಶಾಖ ಸುಲಭವಾಗಿ ಹೊರಬರದು. ಅಷ್ಟೇ ಅಲ್ಲ, ಕಾದ ಡ್ರಮ್ಮು ಹಿಗ್ಗಿ ಒತ್ತುವ ಭಾಗದಿಂದ ದೂರ ಸರಿಯುತ್ತದೆ. ಹೆಚ್ಚು ಬೇಕಾದಾಗಲೇ ಕೈಕೊಡುವ ನಂಟನಂತೆ! ಡಿಸ್ಕಾದರೋ ಬಯಲಿನಲ್ಲಿ ಗಾಳಿಗೆ ಮೈಯೊಡ್ಡಿಕೊಂಡಿರುತ್ತದೆ, ಕಾದು ದಪ್ಪಗಾದರೆ ಪ್ಯಾಡಿನ ಕಡೆಗೇ ಹಿಗ್ಗುತ್ತದೆ.

ಇದರ ಮಹಿಮೆ ಲೋಕಕ್ಕೆ ತಿಳಿದದ್ದು 1953ರಲ್ಲಿ, ಫ್ರಾನ್ಸಿನ ಲ ಮಾನ್ಸ್ ಎಂಬಲ್ಲಿ ನಡೆಯುವ 24 ಗಂಟೆಗಳ ಓಟದಲ್ಲಿ. ಅಲ್ಲಿ ಆಗ ಸುಮಾರು 6 ಕಿಲೋಮೀಟರಿನ ಒಂದು ನೇರ ದಾರಿಯಿತ್ತು; ಅದರ ಕೊನೆಗೆ ಒಂದು ಬಿಗಿಯಾದ ತಿರುವು. ಕಾರು ತನ್ನ ಪರಮ ವೇಗದಲ್ಲಿ ಬಂದು ಅಲ್ಲಿ ತಗ್ಗಬೇಕು. ಒಂದು ಸಲವಲ್ಲ, ಹಗಲೂ ರಾತ್ರಿ ಪ್ರತಿ ಸುತ್ತಿನಲ್ಲೂ. ಡ್ರಮ್ ಬ್ರೇಕಿನವರು ಹೊತ್ತು ಕಳೆದಂತೆ ಬ್ರೇಕನ್ನು ಉಳಿಸಿಕೊಳ್ಳಲು ದೂರದಿಂದಲೇ ವೇಗ ತಗ್ಗಿಸುತ್ತ ಬರಬೇಕಾಯಿತು. ಡನ್‌ಲಪ್ ಡಿಸ್ಕುಗಳನ್ನು ಹೊಂದಿದ್ದ ಜಾಗ್ವಾರ್ ಕಾರುಗಳು ತಿರುವಿನ ಹತ್ತಿರದ ತನಕ ವೇಗವಾಗಿ ಹೋಗಿ ಅಲ್ಲಿ ಬ್ರೇಕು ಹಾಕಿದವು. ಟೋನಿ ರಾಲ್ಟ್ ಮತ್ತು ಡಂಕನ್ ಹ್ಯಾಮಿಲ್ಟನ್ ಓಡಿಸಿದ ಜಾಗ್ವಾರ್ ಗೆದ್ದಿತು. ಆ ಓಟದ ಸರಾಸರಿ ವೇಗ ಗಂಟೆಗೆ 100 ಮೈಲಿಯನ್ನು ಮೀರಿದ್ದೂ ಅದೇ ಮೊದಲು. ಎರಡು ವರ್ಷಗಳ ಮೇಲೆ, 1955ರಲ್ಲಿ, ಡ್ರಮ್ಮನ್ನೇ ನೆಚ್ಚಿದ್ದ ಮರ್ಸಿಡಿಸ್ ಸಂಸ್ಥೆಯವರು ತಮ್ಮ ಕಾರಿನ ಬೆನ್ನಿನ ಮೇಲೆ ವಿಮಾನದ ರೆಕ್ಕೆಯಂಥ ಹಲಗೆಯೊಂದನ್ನು ಕಟ್ಟಿ, ಬ್ರೇಕು ಹಾಕುವಾಗ ಅದನ್ನು ಎತ್ತಿ ಗಾಳಿಗೆ ಅಡ್ಡ ಹಿಡಿದರು. ಬ್ರೇಕಿನ ಬಿಸಿಯನ್ನು ಹಂಚಿಕೊಳ್ಳಲು ಗಾಳಿಯನ್ನೇ ಕರೆದರೆಂದರೆ ಆ ಬಿಸಿಯ ಬಾಧೆ ಎಷ್ಟಿದ್ದಿರಬೇಕು!

ಈಗ ಬಿಸಿ ಎಷ್ಟೆಂಬುದನ್ನು ನೋಡೋಣ. ಲೆಕ್ಕವನ್ನು ಕಂಡರೆ ಅಂಜುವವರು ಮುಂದಿನ ಕೆಲವು ಸಾಲುಗಳನ್ನು ದಾಟಿಹೋಗಬಹುದು; ದಾಟಬೇಡಿರೆಂದೇ ನನ್ನ ಬಿನ್ನಹ. ಚಲನಶಕ್ತಿಯು ತೂಕಕ್ಕೆ ಅನುಗುಣವಾಗಿ ಏರುತ್ತದೆ, ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ತೂಕ ಎರಡರಷ್ಟಾದರೆ ಶಾಖವೂ ಎರಡರಷ್ಟು. ವೇಗ ಎರಡರಷ್ಟಾದರೆ ಶಾಖ ನಾಲ್ಕರಷ್ಟು. ಜಿ.ಟಿ.-ಆರ್. ಕಾರು 2007ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದಾಗ ಅದರ ತೂಕ 1740 ಕಿಲೋಗ್ರಾಂ. ಚಾಲಕನನ್ನು ಸೇರಿಸಿ 1800 ಎಂದು ಹಿಡಿಯೋಣ. ಊರಲ್ಲಿ ಓಡುವ ಸಣ್ಣ ಕಾರೊಂದು ಇದರ ಅರ್ಧ ತೂಗೀತು. ಬುದ್ಧ ಸರ್ಕ್ಯೂಟಿನಲ್ಲಿ ಒಂದು ಕಿಲೋಮೀಟರಿಗಿಂತ ಉದ್ದವಾದ ನೇರ ದಾರಿಯೊಂದುಂಟು. ಅದರ ತುದಿಯಲ್ಲಿ ನಮ್ಮ ಕಾರು ಗಂಟೆಗೆ 240 ಕಿಲೋಮೀಟರು ವೇಗದಲ್ಲಿದೆ, ತಿರುವಿಗಾಗಿ 100ಕ್ಕೆ ಇಳಿಯಬೇಕು ಎನ್ನಿ. ಆ ಇಳಿತಕ್ಕೆ ಹಿಡಿಯುವ ಕಾಲ ಸುಮಾರು 4 ಸೆಕೆಂಡು. ಆ 4 ಸೆಕೆಂಡಿನಲ್ಲಿ ಬಿಡುಗಡೆಯಾಗುವ ಶಾಖವು ಸುಮಾರು 10 ಲೀಟರು, ಎಂದರೆ ಹೆಚ್ಚುಕಡಮೆ ಒಂದು ಕೊಡ ತಣ್ಣೀರನ್ನು ಕುದಿಯುವ ಹದಕ್ಕೆ ತರುವಷ್ಟು. ಅದೇ ಕೊಡವನ್ನು ಅಡಿಗೆಮನೆಯ ಗ್ಯಾಸ್ ಒಲೆಯ ಮೇಲಿಟ್ಟರೆ ಅರ್ಧ ಗಂಟೆಗೂ ಮೀರಿ ಕಾಯಬೇಕು. ಇನ್ನೊಂದು ರೀತಿಯಲ್ಲಿ ಹೇಳಬಹುದು. 2016ರಲ್ಲಿ ಭಾರತಕ್ಕೆ ಬಂದ ಈ ಕಾರಿನ ಎಂಜಿನ್ನು 570 ಕುದುರೆಗಳ ಶಕ್ತಿಯದು. ಆ 4 ಸೆಕೆಂಡಿನಲ್ಲಿ, ಗಾಳಿ ತಡೆಯುವ ಪಾಲನ್ನು ಕಳೆದರೂ, ಬ್ರೇಕುಗಳು ಮಾಡುವ ಕೆಲಸ ಸಾವಿರ ಕುದುರೆಗಳ ಆಸುಪಾಸು. ಎಂಜಿನ್ನನ್ನು ಎಲ್ಲರೂ ಹೊಗಳುತ್ತಾರೆ; ಅದರ ಎರಡರಷ್ಟು ದುಡಿಯುವ ಈ ಮೂಕ ತಟ್ಟೆಗಳನ್ನು ಯಾರೂ ಕೇಳುವುದಿಲ್ಲ.

ಬ್ರೇಕು ಹಾಕಿದಾಗ ಕಾರಿನ ಭಾರ ಮುಂದಕ್ಕೆ ವಾಲುವುದರಿಂದ ಕೆಲಸದ ಸುಮಾರು 70 ಪಾಲು ಮುಂದಿನ ಎರಡು ಡಿಸ್ಕುಗಳದು. ಒಂದು ಡಿಸ್ಕಿನಲ್ಲಿ ಶಾಖ ಹೀರುವ ಕಬ್ಬಿಣ 9 ಕಿಲೋ ಇದ್ದರೆ ಆ ಒಂದು ಇಳಿತದಲ್ಲೇ ಅದರ ತಾಪಮಾನ ಸುಮಾರು 250 ಡಿಗ್ರಿ ಸೆಂಟಿಗ್ರೇಡ್ ಏರುತ್ತದೆ. 12 ಕಿಲೋ ಇದ್ದರೆ ಸುಮಾರು 190 ಡಿಗ್ರಿ. ದೊಡ್ಡ ಡಿಸ್ಕಿನ ಮೊದಲನೆಯ ಗುಟ್ಟು ಇಷ್ಟೆ: ಹೆಚ್ಚು ಕಬ್ಬಿಣ, ಕಡಮೆ ಏರಿಕೆ. ಒಂದು ಹಿಡಿ ಕೆಂಡವನ್ನು ಚೊಂಬು ನೀರಿಗೆ ಹಾಕಿದಾಗ ಆಗುವುದಕ್ಕೂ ಹಂಡೆ ನೀರಿಗೆ ಹಾಕಿದಾಗ ಆಗುವುದಕ್ಕೂ ಇರುವ ವ್ಯತ್ಯಾಸ.

ಹಾಗಾದರೆ ದೊಡ್ಡ ಡಿಸ್ಕು ಹಾಕಿದರೆ ಕಾರು ಬೇಗ ನಿಲ್ಲುವುದೆ? ಇಲ್ಲಿಯೇ ಜನ ಮೋಸಹೋಗುವುದು. ಕಾರನ್ನು ಕೊನೆಯದಾಗಿ ನಿಲ್ಲಿಸುವುದು ಡಿಸ್ಕಲ್ಲ, ರಸ್ತೆಯನ್ನು ಕಚ್ಚಿ ಹಿಡಿದಿರುವ ಟಯರು. ಪೆಡಲನ್ನು ಬಲವಾಗಿ ಒತ್ತಿದಾಗ ಚಕ್ರ ಕಚ್ಚಿಕೊಂಡು ಜಾರುವ ಮಟ್ಟಕ್ಕೆ ಬಂದರೆ, ಬ್ರೇಕಿನ ಬಲ ಆಗಲೇ ಟಯರಿನ ಹಿಡಿತಕ್ಕಿಂತ ಹೆಚ್ಚಾಯಿತೆಂದು ಅರ್ಥ. ಇಂದಿನ ಕಾರುಗಳಲ್ಲಿ ಹಾಗೆ ಜಾರದಂತೆ ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿಯುವ ಎ.ಬಿ.ಎಸ್. ಎಂಬ ಏರ್ಪಾಟಿದೆ. ಕಂಪನಿಯಿಂದ ಬಂದ ಡಿಸ್ಕೇ ಎ.ಬಿ.ಎಸ್. ಅನ್ನು ಎಬ್ಬಿಸುವಷ್ಟು ಶಕ್ತವಾಗಿರುತ್ತದೆ. ಒಳ್ಳೆಯ ಟಯರು, ಒಣ ರಸ್ತೆ ಇದ್ದರೆ 100 ಕಿಲೋಮೀಟರು ವೇಗದಿಂದ ನಿಲ್ಲಲು ಬೇಕಾಗುವ ದೂರ 40 ಮೀಟರಿನ ಆಸುಪಾಸು; ಹರಿವಾಣದಷ್ಟು ದೊಡ್ಡ ಡಿಸ್ಕನ್ನು ತಂದು ಹಾಕಿದರೂ ಮೊದಲನೆಯ ಸಲಕ್ಕೆ ಆ ದೂರ ಹೇಳಿಕೊಳ್ಳುವಷ್ಟು ಕುಗ್ಗದು. ಕುಗ್ಗಬೇಕಾದರೆ ಟಯರನ್ನು ಬದಲಿಸಬೇಕು. ದೊಡ್ಡ ಡಿಸ್ಕಿನ ಪ್ರಯೋಜನ ತಿಳಿಯುವುದು ಹತ್ತನೆಯ ಸಲಕ್ಕೆ. ಮೊದಲನೆಯ ತಿರುವಿನಲ್ಲಿ ನಿಂತಂತೆಯೇ ಹತ್ತನೆಯ ತಿರುವಿನಲ್ಲೂ ನಿಲ್ಲುವುದು, ಐದನೆಯ ಸುತ್ತಿನಲ್ಲೂ ಪೆಡಲು ಅದೇ ಎತ್ತರದಲ್ಲಿ, ಅದೇ ಗಟ್ಟಿತನದಲ್ಲಿ ಕಾಲಿಗೆ ಸಿಗುವುದು. ಅದಕ್ಕಾಗಿ ಹಣ ಕೊಡುವುದೇ ಹೊರತು ಇನ್ನು ಯಾವುದಕ್ಕೂ ಅಲ್ಲ.

ಸಿಗದೆಹೋದರೆ? ಬಿಸಿ ಬ್ರೇಕನ್ನು ಎರಡು ಬಗೆಯಲ್ಲಿ ಕೊಲ್ಲುತ್ತದೆ. ಮೊದಲನೆಯದು ಪ್ಯಾಡಿನ ಸೋಲು. ಊರಿನ ಓಡಾಟಕ್ಕೆಂದು ಮಾಡಿದ ಪ್ಯಾಡು ಒಂದು ಮಿತಿಗಿಂತ ಹೆಚ್ಚು ಕಾದರೆ ಅದರ ಘರ್ಷಣೆ ಕುಸಿಯುತ್ತದೆ. ಪೆಡಲು ಗಟ್ಟಿಯಾಗಿಯೇ ಇರುತ್ತದೆ, ಎಷ್ಟು ತುಳಿದರೂ ಕಾರು ಮಾತ್ರ ನಿಧಾನಿಸದು. ಎರಡನೆಯದು ಇದಕ್ಕಿಂತ ಘೋರ. ಡಿಸ್ಕಿನ ಬಿಸಿ ಪ್ಯಾಡಿನ ಮೂಲಕ ಕ್ಯಾಲಿಪರಿಗೆ ಹಾಯ್ದು ಅಲ್ಲಿಯ ದ್ರವವನ್ನು ಕುದಿಸುತ್ತದೆ. ನಮ್ಮಲ್ಲಿ ಬ್ರೇಕ್ ಆಯಿಲ್ ಎನ್ನುತ್ತಾರಾದರೂ ಅದು ಎಣ್ಣೆಯಲ್ಲ. ಗಾಳಿಯಲ್ಲಿನ ತೇವವನ್ನು ಉಪ್ಪಿನಂತೆ ಹೀರಿಕೊಳ್ಳುವ ಒಂದು ರಾಸಾಯನಿಕ ದ್ರವ. ಸಾಮಾನ್ಯವಾಗಿ ಬಳಸುವ ಡಾಟ್ 4 ಎಂಬ ದರ್ಜೆಯದು ಹೊಸದಾಗಿದ್ದಾಗ 230 ಡಿಗ್ರಿಗಿಂತ ಮೊದಲು ಕುದಿಯಬಾರದೆಂಬುದು ನಿಯಮ. ಸುಮಾರು ಶೇಕಡಾ 3.7ರಷ್ಟು ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ದ್ರವವನ್ನು ಒತ್ತಿದರೆ ಅದು ಕುಗ್ಗದು, ಒತ್ತಡವನ್ನು ಮುಂದಕ್ಕೆ ದಾಟಿಸುತ್ತದೆ. ಆವಿಯನ್ನು ಒತ್ತಿದರೆ ಅದು ಕುಗ್ಗುತ್ತದೆ, ಏನನ್ನೂ ದಾಟಿಸದು. ಕೊಳವೆಯಲ್ಲಿ ಆವಿಯ ಗುಳ್ಳೆ ಎದ್ದಿತೆಂದರೆ ಪೆಡಲು ಹತ್ತಿಯ ಮೇಲೆ ಕಾಲಿಟ್ಟಂತೆ ನೆಲಕ್ಕೆ ಇಳಿಯುತ್ತದೆ. 240 ಕಿಲೋಮೀಟರು ವೇಗದಲ್ಲಿ, ಎದುರಿಗೆ ತಿರುವು ಇರುವಾಗ, ಚಾಲಕನಿಗೆ ಅದು ತಿಳಿದು ಇನ್ನೇನಾದರೂ ಮಾಡುವುದಕ್ಕೆ ಒಂದೆರಡು ಸೆಕೆಂಡು ಸಿಕ್ಕೀತು.

ಇದು ಶ್ರೀಮಂತರ ಆಟದ ಕಷ್ಟ, ನಮಗೇನು ಎನ್ನಬೇಡಿ. ಆಗುಂಬೆಯ 14 ತಿರುವುಗಳನ್ನು ಇಳಿಯುವ ವಾಹನಕ್ಕೂ ಇದೇ ನ್ಯಾಯ. ಘಾಟಿಯಲ್ಲಿ ಕೆಳಗಿನ ಗೇರಿನಲ್ಲಿ ಇಳಿಯಬೇಕು, ಬ್ರೇಕಿನ ಮೇಲೆ ಕಾಲನ್ನು ಊರಿಕೊಂಡು ಬರಬಾರದು ಎಂದು ಹಳೆಯ ಡ್ರೈವರುಗಳು ಹೊಸಬರಿಗೆ ಹೇಳಿಕೊಡುವುದು ಈ ಕಾರಣಕ್ಕೇ. ಬ್ರೇಕು ವಿಫಲವಾಗಿ ವಾಹನ ಪ್ರಪಾತಕ್ಕೆ ಉರುಳಿತೆಂದು ಪತ್ರಿಕೆಯಲ್ಲಿ ಓದುತ್ತೇವೆ. ಅಲ್ಲಿ ಏನೂ ಮುರಿದಿರಬೇಕಾಗಿಲ್ಲ, ಕಾದದ್ದೇ ಸಾಕು.

ಆದ್ದರಿಂದ ಡಿಸ್ಕಿಗೆ ಕೈ ಹಾಕುವ ಮುನ್ನ ದ್ರವವನ್ನು ನೋಡಬೇಕು, ಪ್ಯಾಡನ್ನು ನೋಡಬೇಕು. ಓಟದ ಪಥಕ್ಕೆಂದು 300 ಡಿಗ್ರಿ ದಾಟಿದರೂ ಕುದಿಯದ ದ್ರವಗಳು ಸಿಗುತ್ತವೆ. ಡಿಸ್ಕಿನ ಬೆಲೆಯ ಮುಂದೆ ಅದರ ಬೆಲೆ ಏನೂ ಅಲ್ಲ. ಸಾವಿರಾರು ಖರ್ಚು ಮಾಡಿ ಪಡೆಯಬಹುದಾದ ಸುರಕ್ಷತೆಯನ್ನು ಬಿಟ್ಟು ಲಕ್ಷಾಂತರ ಖರ್ಚು ಮಾಡಿ ಹೊಳೆಯುವ ತಟ್ಟೆ ಹಾಕಿಸಿ, ಮೂರು ವರ್ಷದ ಹಳೆಯ ದ್ರವವನ್ನೇ ಉಳಿಸಿಕೊಂಡು ಪಥಕ್ಕೆ ಇಳಿಯುವವರಿದ್ದಾರೆ. ಅಂಥವರ ಕಾರಿನ ಹಿಂದೆಯೂ ಮುಂದೆಯೂ ಬೇರೆಯವರ ಮಕ್ಕಳು ಓಡಿಸುತ್ತಿರುತ್ತಾರೆಂಬುದನ್ನು ಅವರು ನೆನೆಯಬೇಕು.

ದ್ರವ, ಪ್ಯಾಡು ಎರಡೂ ಸರಿಯಾಗಿದ್ದು, ಆಗಲೂ ಡಿಸ್ಕು ವಿಪರೀತ ಕಾಯುತ್ತಿದ್ದರೆ, ಬಿರುಕು ಬಿಡುತ್ತಿದ್ದರೆ, ಆಗ ಡಿಸ್ಕಿನ ಮಾತು. ನಿಸಾನಿನವರೇ ಈ ದಾರಿಯಲ್ಲಿ ನಡೆದಿದ್ದಾರೆ. 2007ರ ಕಾರಿಗೆ ಮುಂದಿನ ಡಿಸ್ಕಿನ ವ್ಯಾಸ 380 ಮಿಲಿಮೀಟರು. ಕೆಲವೇ ವರ್ಷಗಳಲ್ಲಿ ಅದನ್ನು 390ಕ್ಕೆ ಏರಿಸಿದರು. ವ್ಯಾಸ ಹೆಚ್ಚಿದರೆ ಕಬ್ಬಿಣ ಹೆಚ್ಚುವುದಲ್ಲದೆ, ಪ್ಯಾಡು ಹಿಡಿಯುವ ಜಾಗವು ಚಕ್ರದ ನಡುವಿನಿಂದ ದೂರ ಸರಿದು ಹಿಡಿತಕ್ಕೆ ಒಳ್ಳೆಯ ಸನ್ನೆ ದೊರೆಯುತ್ತದೆ. ಏರಿಕೆಗೂ ಮಿತಿಯುಂಟು. ಡಿಸ್ಕು ಅದರ ಮೇಲಿನ ಕ್ಯಾಲಿಪರಿನೊಂದಿಗೆ ಚಕ್ರದ ಒಳಗೆ ಹಿಡಿಯಬೇಕಲ್ಲ! ಜೊತೆಗೆ ಈ ತೂಕವನ್ನು ಸ್ಪ್ರಿಂಗು ಹೊರುವುದಿಲ್ಲ. ಚಕ್ರದೊಡನೆ ಕುಣಿಯುವ ಪ್ರತಿಯೊಂದು ಕಿಲೋವೂ ಟಯರು ನೆಲವನ್ನು ಬಿಡದೆ ಹಿಡಿಯುವುದಕ್ಕೆ ಅಡ್ಡಿ. ಮುಂದಿನದನ್ನು ಮಾತ್ರ ಬೇಕಾಬಿಟ್ಟಿ ಬೆಳೆಸಿದರೆ ಮುಂದಿನ ಹಿಂದಿನ ಬ್ರೇಕುಗಳ ನಡುವೆ ತಯಾರಕರು ಕೂಡಿಸಿಟ್ಟ ಹೊಂದಿಕೆ ಕೆಟ್ಟು, ಮುಂದಿನ ಟಯರು ಬೇಗನೆ ಜಾರುವ ಹಂತಕ್ಕೆ ಬರುತ್ತದೆ, ಹಿಂದಿನದು ಸುಮ್ಮನೆ ಬರುತ್ತದೆ. ಆಗ ನಿಲ್ಲುವ ದೂರ ಹೆಚ್ಚಿದರೂ ಆಶ್ಚರ್ಯವಿಲ್ಲ.

ನನಗೆ ಎಲ್ಲಕ್ಕಿಂತ ಸೊಗಸಾಗಿ ಕಂಡದ್ದು ಡಿಸ್ಕಿನ ಒಳಭಾಗ. ಹೊರಗಿನಿಂದ ನೋಡಿದರೆ ಒಂದೇ ದಪ್ಪ ತಟ್ಟೆ. ವಾಸ್ತವದಲ್ಲಿ ಅದು ಎರಡು ತಟ್ಟೆ, ನಡುವೆ ಟೊಳ್ಳು, ಟೊಳ್ಳಿನಲ್ಲಿ ಎರಡನ್ನೂ ಬೆಸೆದಿರುವ ಸಣ್ಣ ಸಣ್ಣ ಗೋಡೆಗಳು. ಚಕ್ರ ತಿರುಗಿದಾಗ ಈ ಗೋಡೆಗಳು ನಡುವಿನಿಂದ ಗಾಳಿಯನ್ನು ಎಳೆದುಕೊಂಡು ಅಂಚಿನಿಂದ ಹೊರಕ್ಕೆ ಎರಚುತ್ತವೆ. ಎಂದರೆ ಡಿಸ್ಕು ತಾನೇ ಬೀಸಣಿಗೆಯಾಗಿ ತನಗೆ ತಾನೇ ಗಾಳಿ ಹಾಕಿಕೊಳ್ಳುತ್ತದೆ. ಒಳ್ಳೆಯ ಡಿಸ್ಕುಗಳಲ್ಲಿ ಈ ಗೋಡೆಗಳು ಬಾಗಿರುತ್ತವೆ. ಬಾಗು ತಿರುಗುವ ದಿಕ್ಕಿಗೆ ಬೆನ್ನು ಹಾಕಿರಬೇಕು. ಡಿಸ್ಕಿನ ಮೇಲ್ತುದಿಯಲ್ಲಿ ನೋಡಿದರೆ ನಡುವಿನಿಂದ ಹೊರಟ ಗೋಡೆ ಕಾರಿನ ಹಿಂಭಾಗದತ್ತ ಒರಗಿರಬೇಕು. ಆದಕಾರಣ ಎಡದ ಡಿಸ್ಕು ಬೇರೆ, ಬಲದ ಡಿಸ್ಕು ಬೇರೆ. ಹೊರಮೈಯ ಗೀರುಗಳನ್ನು ನೋಡಿ ದಿಕ್ಕು ನಿರ್ಧರಿಸಿ, ಎಡದ್ದನ್ನು ಬಲಕ್ಕೆ ಕೂರಿಸುವ ಗ್ಯಾರೇಜುಗಳುಂಟು. ಅಂಚಿನಿಂದ ಒಳಕ್ಕೆ ಇಣಿಕಿ ನೋಡಿಯೇ ಕೂರಿಸಬೇಕು. ಈ ಬೀಸಣಿಗೆಗೆ ತಂಪು ಗಾಳಿ ಸಿಗುವಂತೆ ಕಾರಿನ ಮುಂಭಾಗದಿಂದ ಡಿಸ್ಕಿನ ನಡುವಿನವರೆಗೆ ಒಂದು ಕೊಳವೆಯನ್ನು ಎಳೆದರೆ, ಬಹಳ ಸಲ, ಹೊಸ ಡಿಸ್ಕಿನ ಅಗತ್ಯವೇ ತಪ್ಪುತ್ತದೆ.

ಹಿಗ್ಗುವುದರ ವಿಚಾರವೂ ಉಂಟು. ಎತ್ತಿನ ಗಾಡಿಯ ಮರದ ಚಕ್ರಕ್ಕೆ ಕಬ್ಬಿಣದ ಪಟ್ಟಿ ತೊಡಿಸುವುದನ್ನು ಕಂಡವರು ನಮ್ಮಲ್ಲಿ ಇನ್ನೂ ಇದ್ದಾರೆ. ಪಟ್ಟಿಯನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಹಿಗ್ಗಿದಾಗ ಚಕ್ರಕ್ಕೆ ತೊಡಿಸಿ, ನೀರೆರೆದರೆ ಅದು ಕುಗ್ಗಿ ಚಕ್ರವನ್ನು ಬಿಗಿದು ಹಿಡಿಯುತ್ತಿತ್ತು. 390 ಮಿಲಿಮೀಟರಿನ ಡಿಸ್ಕು 500 ಡಿಗ್ರಿ ಹೆಚ್ಚು ಕಾದರೆ ಅದರ ವ್ಯಾಸ 2 ಮಿಲಿಮೀಟರಿಗಿಂತ ಹೆಚ್ಚು ಹಿಗ್ಗುತ್ತದೆ. ಹೊರಗಿನ ಉಂಗುರ ಹೀಗೆ ಹಿಗ್ಗಿದಾಗ, ಗಾಲಿಗೆ ಬಿಗಿದ ನಡುಭಾಗ ಅಷ್ಟು ಕಾದಿರುವುದಿಲ್ಲ. ಎರಡೂ ಒಂದೇ ಎರಕವಾದರೆ ಉಂಗುರವು ಹಿಗ್ಗಲಾರದೆ ಹಳೆಯ ದೋಸೆಹಂಚಿನಂತೆ ಉಬ್ಬಿ ಒಂದು ಕಡೆಗೆ ವಾಲುತ್ತದೆ. ಪ್ಯಾಡು ಓರೆಯಾಗಿ ಸವೆಯುತ್ತದೆ. ಇದಕ್ಕೆ ಪರಿಹಾರವಾಗಿ ಉಂಗುರವನ್ನು ಕಬ್ಬಿಣದಲ್ಲಿ, ನಡುಭಾಗವನ್ನು ಅಲ್ಯೂಮಿನಿಯಮಿನಲ್ಲಿ ಬೇರೆ ಬೇರೆ ಮಾಡಿ, ಸ್ವಲ್ಪ ಸಡಿಲವಾದ ಗೂಟಗಳಿಂದ ಕೂಡಿಸುತ್ತಾರೆ. ಉಂಗುರ ಹಿಗ್ಗಲು ಎಡೆಯಾಯಿತು, ತೂಕವೂ ಇಳಿಯಿತು. ಉಂಗುರ ಸವೆದಾಗ ಅದೊಂದನ್ನೇ ಬದಲಿಸಬಹುದು. ಓಟದ ಪಥಕ್ಕಾಗಿ ಡಿಸ್ಕು ಕೊಳ್ಳುವವರು ಇದಕ್ಕೆ ಕೊಟ್ಟ ಹಣ ವ್ಯರ್ಥವಲ್ಲವೆಂದು ನನ್ನ ಅಭಿಪ್ರಾಯ.

ತಟ್ಟೆಯ ತುಂಬ ಕೊರೆದ ತೂತುಗಳ ವಿಷಯದಲ್ಲಿ ನನಗೆ ಅಷ್ಟು ಆದರವಿಲ್ಲ. ಹಿಂದಿನ ಕಾಲದ ಪ್ಯಾಡುಗಳು ಕಾದಾಗ ಅನಿಲವನ್ನು ಬಿಡುತ್ತಿದ್ದವು. ಅದು ಹೊರಹೋಗಲೆಂದು ತೂತು ಕೊರೆದರು. ಇಂದಿನ ಪ್ಯಾಡುಗಳಿಗೆ ಆ ದೋಷ ಬಹಳ ಕಡಮೆ. ತೂತು ಉಳಿದಿರುವುದು ಮುಖ್ಯವಾಗಿ ಅಂದಕ್ಕಾಗಿ, ಒಂದಿಷ್ಟು ತೂಕ ಕಳೆಯುವುದಕ್ಕಾಗಿ. ಶಾಖವನ್ನು ಹೀರಬೇಕಾದ ಕಬ್ಬಿಣವನ್ನೇ ಕೊರೆದು ತೆಗೆಯುವುದು ಯಾವ ಜಾಣತನ? ಕಾದು ತಣಿದು, ಕಾದು ತಣಿದು ದಣಿದ ಕಬ್ಬಿಣದಲ್ಲಿ ಬಿರುಕು ಹುಟ್ಟುವುದು ಈ ತೂತುಗಳ ಅಂಚಿನಲ್ಲೇ. ಒಂದು ತೂತಿನಿಂದ ಇನ್ನೊಂದಕ್ಕೆ ಬಿರುಕು ಹರಿದರೆ ಆ ಡಿಸ್ಕನ್ನು ಅಂದೇ ತೆಗೆದುಹಾಕಬೇಕು. ಆಳವಿಲ್ಲದ ಗೀರುಗಳನ್ನು ತೋಡಿದ ಡಿಸ್ಕು ಮೇಲು: ಪ್ಯಾಡಿನ ಮೈಯನ್ನು ಹೆರೆದು ಶುದ್ಧವಾಗಿಡುತ್ತದೆ, ಬಿರುಕಿಗೆ ಅಷ್ಟು ಎಡೆಗೊಡದು. ಪ್ಯಾಡು ಸ್ವಲ್ಪ ಬೇಗ ಸವೆಯುತ್ತದೆ, ಅದು ಅದರ ಬೆಲೆ.

ಕಬ್ಬಿಣವನ್ನೇ ಬಿಟ್ಟು ಮುಂದಕ್ಕೆ ಹೋದವರೂ ಉಂಟು. ಇಂಗಾಲದ ಎಳೆಗಳನ್ನು ಸಿಲಿಕಾನ್ ಕಾರ್ಬೈಡಿನಲ್ಲಿ ಹುದುಗಿಸಿ ಮಾಡಿದ ಡಿಸ್ಕುಗಳನ್ನು ಜರ್ಮನಿಯ ಪೋರ್ಷೆ ಸಂಸ್ಥೆ 2001ರಲ್ಲಿ ತನ್ನ 911 ಜಿ.ಟಿ.2 ಕಾರಿಗೆ ಕೊಟ್ಟಿತು. ಕಬ್ಬಿಣದ ಸುಮಾರು ಅರ್ಧ ತೂಕ. ಎಷ್ಟು ಕಾದರೂ ಉಬ್ಬದು, ತುಕ್ಕು ಹಿಡಿಯದು. ಜಿ.ಟಿ.-ಆರ್. ಕಾರಿನ ನಿಸ್ಮೊ ಎಂಬ ತೀವ್ರ ಮಾದರಿಗೂ 2020ರ ಆವೃತ್ತಿಯಲ್ಲಿ ಇಂಥವೇ 410 ಮಿಲಿಮೀಟರಿನ ಡಿಸ್ಕುಗಳು ಬಂದವು. ಆ ಕಾರಿನ ತಯಾರಿಕೆ 2025ರಲ್ಲಿ ಮುಗಿಯಿತು. ಇರುವ ಕಾರುಗಳಿಗೆ ಈ ಡಿಸ್ಕುಗಳನ್ನು ಜೋಡಿಸಬೇಕೆನ್ನುವವರು ಒಂದು ಸಂಗತಿಯನ್ನು ತಿಳಿದಿರಬೇಕು. ಪಥದಲ್ಲಿ ಮೇಲಿಂದ ಮೇಲೆ ವಿಪರೀತ ಕಾದಾಗ ಇದರೊಳಗಿನ ಇಂಗಾಲ ಗಾಳಿಯ ಆಮ್ಲಜನಕದೊಡನೆ ಸೇರಿ ಮೆಲ್ಲಮೆಲ್ಲನೆ ಸುಟ್ಟುಹೋಗುತ್ತದೆ. ಹೊರಗಿನಿಂದ ನೋಡಿದರೆ ದಪ್ಪ ಹಾಗೆಯೇ ಇರುತ್ತದೆ. ಆದಕಾರಣ ಇದರ ಸವೆತವನ್ನು ಅಳತೆಯಿಂದಲ್ಲ, ತೂಕದಿಂದ ನೋಡುತ್ತಾರೆ. ಡಿಸ್ಕಿನ ಮೇಲೆ ಕನಿಷ್ಠ ತೂಕವನ್ನು ಬರೆದಿರುತ್ತಾರೆ, ಅದಕ್ಕಿಂತ ಕಡಮೆಯಾದರೆ ಆಯುಸ್ಸು ಮುಗಿಯಿತೆಂದು ಲೆಕ್ಕ. ಅಕ್ಕಸಾಲಿಗನ ತಕ್ಕಡಿಯ ಪದ್ಧತಿ! ಬೆಲೆಯೂ ಆಭರಣದ್ದೇ. ಪಥದಲ್ಲಿ ಹೆಚ್ಚು ಓಡಿಸುವ ಅನೇಕರು ಇವನ್ನು ಬಿಚ್ಚಿ ಜೋಪಾನವಾಗಿ ಇಟ್ಟು, ಎರಡು ತುಂಡಿನ ಕಬ್ಬಿಣದ ಡಿಸ್ಕುಗಳನ್ನೇ ಹಾಕಿಸಿಕೊಳ್ಳುವುದು ಅದಕ್ಕಾಗಿಯೇ. ಸವೆದರೆ ಇನ್ನೊಂದು ತರಬಹುದೆಂಬ ಧೈರ್ಯ ಕಬ್ಬಿಣಕ್ಕಿದೆ.

ನನ್ನ ವಿದ್ಯಾರ್ಥಿಗೆ ನಾನು ಹೇಳಿದ್ದು ಇದೇ ಕ್ರಮದಲ್ಲಿ: ಮೊದಲು ದ್ರವ, ಆಮೇಲೆ ಪ್ಯಾಡು, ಆಮೇಲೆ ಗಾಳಿಯ ಕೊಳವೆ, ಸಾಲದಿದ್ದರೆ ಎರಡು ತುಂಡಿನ ಡಿಸ್ಕು. ಬಿಸಿಯನ್ನು ಊಹಿಸುವುದು ಬೇಡ, ಅಳೆಯಬೇಕು ಎಂದೂ ಹೇಳಿದೆ. ಇಂತಿಷ್ಟು ಡಿಗ್ರಿ ದಾಟಿದರೆ ಬಣ್ಣ ಬದಲಿಸುವ ಲೇಪಗಳಿವೆ. ಡಿಸ್ಕಿನ ಅಂಚಿಗೆ ಮೂರು ಬೊಟ್ಟು ಇಟ್ಟು ಪಥದಲ್ಲಿ ಓಡಿಸಿ ಬಂದರೆ ಅದು ಎಲ್ಲಿಯವರೆಗೆ ಕಾದಿತೆಂದು ಬೊಟ್ಟುಗಳೇ ಹೇಳುತ್ತವೆ. "ಜಾತಕ ನೋಡಿದ ಹಾಗಾಯಿತು ಮೇಷ್ಟ್ರೇ" ಎಂದು ನಕ್ಕ. ಜಾತಕಕ್ಕಿಂತ ಇದು ನಂಬಲರ್ಹವಾದದ್ದು ಎಂದೆ.

ಹೊಸ ಡಿಸ್ಕು ಹಾಕಿದೊಡನೆ ಪೂರಾ ವೇಗದಲ್ಲಿ ಓಡಿಸಬಾರದು. ಹೊಸ ಹಂಚನ್ನು ಎಣ್ಣೆ ಸವರಿ, ಕಾಯಿಸಿ, ಪಳಗಿಸಿದ ಮೇಲೆ ತಾನೆ ದೋಸೆ ಏಳುವುದು? ಹಾಗೆಯೇ ಮಧ್ಯಮ ವೇಗದಿಂದ ಹಲವು ಸಲ ಬ್ರೇಕು ಹಾಕಿ, ಪೂರ್ತಿ ನಿಲ್ಲಿಸದೆ, ಮೆಲ್ಲಗೆ ಬಿಸಿ ಏರಿಸಿ, ಆಮೇಲೆ ಆರಗೊಡಬೇಕು. ಪ್ಯಾಡಿನ ಒಂದು ತೆಳು ಪದರ ತಟ್ಟೆಯ ಮೇಲೆ ಸಮವಾಗಿ ಕೂರುತ್ತದೆ. ಹಿಡಿತ ಬರುವುದು ಆ ಪದರದಿಂದ. ಪದರ ಒಂದು ಕಡೆ ದಪ್ಪ, ಒಂದು ಕಡೆ ತೆಳು ಆದರೆ ಬ್ರೇಕು ಹಾಕಿದಾಗಲೆಲ್ಲ ಸ್ಟಿಯರಿಂಗು ನಡುಗುತ್ತದೆ. ಡಿಸ್ಕು ಬಾಗಿತೆಂದು ಜನ ದೂರುವ ಬಹುಪಾಲು ಸಂದರ್ಭಗಳಲ್ಲಿ ಡಿಸ್ಕು ಬಾಗಿರುವುದಿಲ್ಲ, ಪದರ ಕೆಟ್ಟಿರುತ್ತದೆ.

ಅದು ಕೆಡುವುದು ಬಹುಮಟ್ಟಿಗೆ ಓಟ ಮುಗಿದ ಮೇಲೆ. ಡಿಸ್ಕು ಕೆಂಡದಂತೆ ಕಾದಿರುವಾಗ ಕಾರನ್ನು ತಂದು ನಿಲ್ಲಿಸಿ, ಪೆಡಲನ್ನು ತುಳಿದುಕೊಂಡೇ ಗೆಳೆಯರೊಡನೆ ಮಾತಿಗಿಳಿದರೆ, ಪ್ಯಾಡು ಮುಟ್ಟಿಕೊಂಡಿರುವ ಒಂದೇ ಜಾಗದಲ್ಲಿ ಪದರ ಕರಗಿ ಅಚ್ಚೊತ್ತುತ್ತದೆ. ಗಾಳಿ ನಿಂತುಹೋದ್ದರಿಂದ ಬಿಸಿಯೆಲ್ಲ ಒಳಕ್ಕೆ ತಿರುಗಿ ದ್ರವವನ್ನು ಸೇರುತ್ತದೆ. ಕೊನೆಯ ಸುತ್ತನ್ನು ಬ್ರೇಕು ಮುಟ್ಟದೆ ನಿಧಾನವಾಗಿ ಓಡಿಸಿ ಡಿಸ್ಕಿಗೆ ಗಾಳಿಯೂಡಬೇಕು. ನಿಲ್ಲಿಸಿದ ಮೇಲೆ ಪೆಡಲಿನಿಂದ ಕಾಲು ತೆಗೆಯಬೇಕು, ಕೈಬ್ರೇಕನ್ನೂ ಎಳೆಯದೆ ಗಾಲಿಗೆ ಒಂದು ಮರದ ತುಂಡನ್ನು ಅಡ್ಡ ಕೊಟ್ಟು, ಡಿಸ್ಕು ಪೂರ್ತಿ ಆರುವ ತನಕ ಹಾಗೆಯೇ ಬಿಡಬೇಕು. ಬಕೆಟ್ಟು ನೀರು ಹಿಡಿದು ಓಡಿಬರುವ ಉಪಕಾರಿಗಳನ್ನು ದೂರವಿಡಬೇಕು.